‘ಚೋಮನ ದುಡಿ’ ನಮ್ಮ ತರಗತಿಯಲ್ಲಿ

ಕಾದಂಬರಿಯನ್ನೋದುವುದು ಕೇವಲ ಕಾಲಹರಣವೆಂದು ಭಾವಿಸುವ ತಂದೆತಾಯಿಗಳು ನಮ್ಮಲ್ಲಿ ಇಂದಿಗೂ ಇಲ್ಲದಿಲ್ಲ. ಅಂತಹವರಿಗೂ, ಪಾಠವೆಂದೊಡನೆ ‘ಪರೀಕ್ಷೆಗೆ ಯಾವ ಪ್ರಶ್ನೆ ಬರುತ್ತದೆ?’ ಎಂದು ಕೇಳುವ ನಮ್ಮ ವಿದ್ಯಾರ್ಥಿಗಳಿಗೂ, ಹತ್ತನೆಯ ತರಗತಿಯಲ್ಲಿ ಕೆಲವು ವಾರಗಳ ಕಾಲ ನಡೆದ ಒಂದು ಚರ್ಚೆಯ ವೃತ್ತಾಂತವನ್ನು ತಿಳಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಚರ್ಚೆಗೆ ನಾವು ಆರಿಸಿಕೊಂಡುದು ಡಾ. ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ ಕಾದಂಬರಿ. ಆ ಕಾಲದಲ್ಲಿ ನಮ್ಮ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು; ಕೇರಳಕ್ಕೆ ಸೇರಿದುದು 1956ರ ನವೆಂಬರ್ 1ರಂದು. ಆದುದರಿಂದ ಈ ಕತೆಯ ಗದ್ದೆ ಗುಡ್ಡಗಳು, ಭೂತಾರಾಧನೆ, ಒಡೆಯ-ಆಳುಗಳ ಸಂಬಂಧ ಇವಾವುವೂ ನಮಗೆ ದೂರದ ಸಂಗತಿಗಳಲ್ಲ. ನಮ್ಮ ಅಜ್ಜ ಮುತ್ತಜ್ಜಂದಿರು ಕಂಡ ಬಾಳು ಅದು.

ಚೋಮನು ಅಂದು ಅಸ್ಪೃಶ್ಯವೆಂದು ಕರೆಯಲ್ಪಡುತ್ತಿದ್ದ ಸಮುದಾಯಕ್ಕೆ ಸೇರಿದ ಜೀತದಾಳು. ಅವನಲ್ಲಿ ಒಂದು ಜೊತೆ ಎತ್ತುಗಳಿವೆ. ಆದರೆ ಉಳುವುದಕ್ಕೆ ಅಂಗೈಯಗಲ ಗದ್ದೆಯಿಲ್ಲ. ಬೇಸಾಯ ಮಾಡಬೇಕೆಂಬುದೊಂದೇ ಅವನ ಬಾಳಿನ ಹಂಬಲ. ಅವನ ಜಾತಿಯವರು ಬೇಸಾಯಗಾರರಾಗಕೂಡದೆಂಬುದು ಊರಿನ ಕಟ್ಟಳೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ನೀರಿನಲ್ಲಿ ಮುಳುಗುವ ಮಗನೊಬ್ಬನನ್ನು, ಮುಟ್ಟಬಾರದವನೆಂಬ ಕಾರಣದಿಂದ ಯಾರೂ ಎತ್ತುವುದಿಲ್ಲ. ದುಃಖ ಬಂದಾಗಲೆಲ್ಲ ಚೋಮನು ದುಡಿ ಬಾರಿಸುತ್ತಾನೆ. ಕೊನೆಗೆ ಆ ದುಡಿಯ ದನಿಯೊಂದಿಗೇ ಅವನ ಬಾಳು ಮುಗಿಯುತ್ತದೆ.

ಓದು ಮುಗಿದ ದಿನ ನಾವು ಒಂದೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆವು: “ಚೋಮನಿಗೆ ಗದ್ದೆ ಸಿಗದಂತೆ ಮಾಡಿದವರು ಯಾರು?” ಹೆಚ್ಚಿನವರು ಒಡನೆಯೇ “ಒಡೆಯ ಸಂಕಪ್ಪಯ್ಯ” ಎಂದರು. ಒಬ್ಬ ವಿದ್ಯಾರ್ಥಿನಿ ಮಾತ್ರ ಎದ್ದುನಿಂತು, “ಸಂಕಪ್ಪಯ್ಯನಿಗೆ ಕೊಡುವ ಮನಸ್ಸು ಇತ್ತಲ್ಲವೇ, ಅವನ ತಾಯಿ ಬೇಡವೆಂದರು. ತಾಯಿಗೆ ಹಾಗೆ ಹೇಳಲು ಕಲಿಸಿದವರು ಯಾರು?” ಎಂದು ಕೇಳಿದಳು. ಆ ದಿನದ ಪಾಠವನ್ನು ನಡೆಸಿದುದು ಈ ಪ್ರಶ್ನೆಯೇ ಎನ್ನಬೇಕು.

ಇಲ್ಲಿ ಎರಡು ಪದಗಳ ಅರ್ಥವನ್ನು ತಿಳಿಯುವುದು ಅವಶ್ಯ. ಒಬ್ಬನನ್ನು ಅರಿಯುವ ಮೊದಲೇ ಅವನ ಕುಲ, ಭಾಷೆ, ಉಡುಗೆಗಳನ್ನು ಕಂಡು ತೀರ್ಪು ಮಾಡುವುದು ಪೂರ್ವಗ್ರಹ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟರು 1954ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದ್ದಾರೆ. ತಪ್ಪು ತಿಳಿವಳಿಕೆ ಯಾರಿಗೂ ಬರಬಹುದು. ನಿಜಸಂಗತಿ ಕಣ್ಣಿಗೆ ಬಿದ್ದ ಮೇಲೂ ಅದನ್ನು ತಿದ್ದಿಕೊಳ್ಳದೆ ಹಿಡಿದುಕೊಂಡಾಗಲೇ ಅದು ಪೂರ್ವಗ್ರಹವಾಗುತ್ತದೆ. ಇನ್ನು, ಮನೆ, ನೆರೆಹೊರೆ, ಗುಡಿ, ಶಾಲೆಗಳಿಂದ ಮಗುವು ಸಮಾಜದ ನಡೆನುಡಿಗಳನ್ನು ತನ್ನದಾಗಿಸಿಕೊಳ್ಳುವ ಕ್ರಮಕ್ಕೆ ಸಾಮಾಜೀಕರಣವೆಂದು ಹೆಸರು. ಹಿರಿಯರಿಗೆ ನಮಸ್ಕರಿಸುವುದನ್ನು ನಾವು ಕಲಿಯುವುದು ಈ ದಾರಿಯಿಂದಲೇ; ಯಾರನ್ನು ಅಂಗಳದಲ್ಲಿಯೇ ನಿಲ್ಲಿಸಬೇಕೆಂಬುದನ್ನು ಕಲಿಯುವುದೂ ಇದೇ ದಾರಿಯಿಂದ. ಯಾರೂ ಇದನ್ನು ಪಾಠವೆಂದು ಹೇಳಿಕೊಡುವುದಿಲ್ಲ; ಮಕ್ಕಳು ನೋಡಿ ಕಲಿಯುತ್ತಾರೆ.

ಮಾರನೆಯ ದಿನ ಅದೇ ವಿದ್ಯಾರ್ಥಿನಿ, ತನ್ನ ಮನೆಯಲ್ಲಿ ತೋಟದ ಕೆಲಸಕ್ಕೆ ಬರುವವರ ಚಹದ ಲೋಟವು ಹೊರಗಿನ ಗೋಡೆಯ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತದೆಂದೂ, ಕಾರಣ ಕೇಳಿದಾಗ ಅಜ್ಜಿಯು “ಹಿಂದಿನಿಂದ ಹಾಗೆಯೇ ಮಗಾ” ಎಂದರೆಂದೂ ತಿಳಿಸಿದಳು. ಅಜ್ಜಿಯು ಕ್ರೂರಿಯಲ್ಲ, ಅದೇ ಕೆಲಸದವರ ಮಗುವಿಗೆ ಜ್ವರ ಬಂದಾಗ ಕಷಾಯ ಮಾಡಿ ಕಳುಹಿಸಿದವರು. ಕರುಣೆಯೂ ಬೇರೆ ಲೋಟವೂ ಒಂದೇ ಮನೆಯಲ್ಲಿ ಒಟ್ಟಿಗೆ ಬಾಳಬಲ್ಲವೆಂಬುದನ್ನು ಅಂದು ಮಕ್ಕಳು ಕಂಡುಕೊಂಡರು. ‘ಮನೆಯ ಮಾತನ್ನು ಶಾಲೆಗೆ ತರುವುದೇಕೆ?’ ಎಂದು ಕೆಲವು ಪೋಷಕರು ನಮ್ಮನ್ನು ಆಕ್ಷೇಪಿಸಿದುದೂ ಉಂಟು. ಅವರಿಗೆ ನಮ್ಮ ಉತ್ತರವಿಷ್ಟೆ: ಮನೆಯಲ್ಲಿ ಕಲಿತುದನ್ನು ಮಕ್ಕಳು ಹೇಗೂ ಶಾಲೆಗೆ ತರುತ್ತಾರೆ, ಮಾತಿನಲ್ಲಿ ತಾರದಿದ್ದರೆ ನಡತೆಯಲ್ಲಿ ತರುತ್ತಾರೆ.

ಆದರೆ ಇತರರ ತಪ್ಪನ್ನು ಹೇಳಿ ನಮ್ಮದನ್ನು ಮುಚ್ಚಿಡುವುದು ಉಚಿತವಲ್ಲ. ಚರ್ಚೆಯ ಮೂರನೆಯ ದಿನ, ಹಿಂದಿನ ಬೆಂಚಿನಲ್ಲಿ ಮೌನವಾಗಿದ್ದ ಒಬ್ಬ ಹುಡುಗನತ್ತ ತಿರುಗಿ, “ನೀನೇನಾದರೂ ಹೇಳಬೇಕು, ನಿನಗೆ ಇದರ ಅನುಭವ ಹೆಚ್ಚು” ಎಂದುಬಿಟ್ಟೆವು. ಒಳ್ಳೆಯ ಉದ್ದೇಶದಿಂದಲೇ ಆಡಿದ ಮಾತು. ಹುಡುಗನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಣಿತದ ತರಗತಿಯಲ್ಲಿ ನಾನು ಕೈ ಎತ್ತಿದರೂ ನನ್ನನ್ನು ಕೇಳುವುದಿಲ್ಲ. ಈ ಪುಸ್ತಕಕ್ಕೆ ಮಾತ್ರ ನನ್ನನ್ನೇ ಯಾಕೆ ಕೇಳುತ್ತೀರಿ, ಸರ್?” ಎಂದನು. ತರಗತಿಯು ನಿಶ್ಶಬ್ದವಾಯಿತು. ಅವನಲ್ಲಿ ನಾವು ಕಂಡುದು ಅವನ ಜಾತಿಯನ್ನು ಮಾತ್ರವೇ ಹೊರತು ಅವನನ್ನಲ್ಲ. ಪೂರ್ವಗ್ರಹವು ಸಹಾನುಭೂತಿಯ ವೇಷದಲ್ಲಿಯೂ ಬರುತ್ತದೆಂಬ ಪಾಠವನ್ನು ಕಲಿಸಿದವನು ಅವನು, ಕಲಿತವರು ನಾವು. ಮಕ್ಕಳೆಲ್ಲರ ಎದುರಿನಲ್ಲಿಯೇ ಅವನ ಕ್ಷಮೆ ಕೇಳಿದೆವು. ಅಂದಿನಿಂದ ಅಭಿಪ್ರಾಯಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಯಿಸಿ ಓದುವ ಕ್ರಮವನ್ನಿಟ್ಟುಕೊಂಡೆವು.

‘ಇದೆಲ್ಲ ಹಳೆಯ ಕಾಲದ್ದಲ್ಲವೇ? ಕಾನೂನು ಬಂದಿದೆಯಲ್ಲ?’ ಎಂಬ ಪ್ರಶ್ನೆಯೂ ಬಂದಿತು. ಕಾನೂನು ಬಂದಿರುವುದು ನಿಜ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿತು. 1955ರ ಶಾಸನವು ಅದರ ಆಚರಣೆಗೆ ಶಿಕ್ಷೆಯನ್ನು ವಿಧಿಸಿತು. 1976ರ ಶಾಸನವು ಜೀತಪದ್ಧತಿಯನ್ನು ರದ್ದುಪಡಿಸಿತು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿಪದ್ಧತಿ ಕೊನೆಗೊಂಡು ಉಳುವ ಗೇಣಿದಾರನು ಒಡೆಯನಾದನು. ಆದರೆ ಚೋಮನು ಗೇಣಿದಾರನಾಗಿರಲಿಲ್ಲವಷ್ಟೆ! ಒಡೆಯನ ನೆಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಆ ಶಾಸನದ ಪ್ರಕಾರ ದೊರೆತುದು ಪಂಚಾಯತು ಪ್ರದೇಶದಲ್ಲಿ ಹೆಚ್ಚೆಂದರೆ 10 ಸೆಂಟ್ಸ್ ಜಾಗದ ಹಕ್ಕು. ಮನೆಗೆ ಅದು ಆದೀತು; ಒಂದು ಜೊತೆ ಎತ್ತು ಕಟ್ಟಿ ಉಳುವುದಕ್ಕೆ ಆಗದು. ಗೇಣಿಯ ಗದ್ದೆಯನ್ನು ಅಂದು ಚೋಮನಿಗೆ ನಿರಾಕರಿಸಿದ ಪೂರ್ವಗ್ರಹವು ಎಷ್ಟು ತಲೆಮಾರುಗಳ ಬಾಳನ್ನು ಮುಟ್ಟಬಲ್ಲುದೆಂಬುದನ್ನು ಮಕ್ಕಳು ಈ ಲೆಕ್ಕದಿಂದಲೇ ತಿಳಿದುಕೊಂಡರು.

ಹಾಗಾದರೆ ಪರಿಹಾರವೇನು? ಬೇರೆ ಬೇರೆ ವರ್ಗದವರು ಸಮಾನರಾಗಿ ನಿಂತು, ಒಂದೇ ಗುರಿಗಾಗಿ ಕೂಡಿ ದುಡಿಯುವಲ್ಲಿ ಪೂರ್ವಗ್ರಹವು ಕರಗುವ ಸಂಭವ ಹೆಚ್ಚೆಂದು ಆಲ್‌ಪೋರ್ಟರು ಹೇಳುತ್ತಾರೆ. ಒಂದೇ ಬೆಂಚು, ಒಂದೇ ಊಟದ ಸಾಲು, ಒಂದೇ ನಾಟಕದ ತಾಲೀಮು ಇವು ಶಾಲೆಗೆ ಸಾಧ್ಯವಾದ ಉಪಾಯಗಳು. ಮನೆಗೆ ಸಾಧ್ಯವಾದುದನ್ನು ಮನೆಯವರೇ ಯೋಚಿಸಬೇಕು.

ವಿದ್ಯಾರ್ಥಿಗಳು ಹಿರಿಯರೊಡನೆ ಕುಳಿತು ವಿಚಾರಮಾಡುವುದಕ್ಕಾಗಿ ಮೂರು ಪ್ರಶ್ನೆಗಳನ್ನು ಕೊಡುತ್ತಿದ್ದೇವೆ. ಒಂದು: ನಮ್ಮ ಮನೆಯಲ್ಲಿ ‘ಹಿಂದಿನಿಂದ ಹಾಗೆಯೇ’ ಎಂಬ ಉತ್ತರವೊಂದೇ ಇರುವ ಪದ್ಧತಿಗಳು ಯಾವುವು? ಎರಡು: ಸಂಕಪ್ಪಯ್ಯನ ಸ್ಥಾನದಲ್ಲಿ ನಾವಿದ್ದರೆ ತಾಯಿಗೆ ಏನು ಹೇಳುತ್ತಿದ್ದೆವು? ಮೂರು: ಗುರುತಿಲ್ಲದ ಒಬ್ಬರ ವಿಷಯದಲ್ಲಿ ನಾವು ಮಾಡಿದ್ದ ತೀರ್ಪು, ಪರಿಚಯವಾದ ಮೇಲೆ ಎಂದಾದರೂ ಬದಲಾಗಿದೆಯೇ?

ವರ್ಷಾಂತ್ಯದಲ್ಲಿ ಬಂದ ಚೀಟಿಗಳಲ್ಲಿ ಒಂದು ಹೀಗಿತ್ತು: “ನಮ್ಮಲ್ಲಿ ಈಗ ಎಲ್ಲ ಲೋಟಗಳೂ ಒಳಗಿನ ಕಪಾಟಿನಲ್ಲಿವೆ. ಅಜ್ಜಿ ಮೊದಲು ಮಾತಾಡಲಿಲ್ಲ. ಈಗ ಅವರೇ ತೊಳೆದಿಡುತ್ತಾರೆ.” ಹೆಸರಿರಲಿಲ್ಲ, ನಾವು ಕೇಳಲೂ ಇಲ್ಲ.