‘ಅಪ್’ ಎಂಬ ಇಂಗ್ಲಿಷ್ ಪದದ ನಾನಾರ್ಥಗಳು: ಕನ್ನಡದ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

1. ಪ್ರಸ್ತಾವನೆ

ಒಂದೇ ಪದಕ್ಕೆ ಹಲವು ಅರ್ಥಗಳಿರುವುದು ಭಾರತೀಯ ನಿಘಂಟು ಪರಂಪರೆಗೆ ಹೊಸ ಸಂಗತಿಯಲ್ಲ. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥ ಪದಗಳಿಗಾಗಿಯೇ ಒಂದು ವರ್ಗವಿದೆ. ಇಂಗ್ಲಿಷಿನ ನಾನಾರ್ಥ ಪದಗಳ ಚರ್ಚೆಯಲ್ಲಿ ‘ಸೆಟ್’, ‘ರನ್’ ಮುಂತಾದ ಕ್ರಿಯಾಪದಗಳು ಮೊದಲು ನೆನಪಾಗುತ್ತವೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ದೀರ್ಘವಾದ ನಮೂದು ‘ಸೆಟ್’ ಕ್ರಿಯಾಪದದ್ದೇ ಆಗಿತ್ತು. ಆದರೆ ಕನ್ನಡದ ಅನುವಾದಕನನ್ನೂ ನಿಘಂಟುಕಾರನನ್ನೂ ಹೆಚ್ಚು ಕಾಡುವುದು ಇಂಥ ದೊಡ್ಡ ಕ್ರಿಯಾಪದಗಳಲ್ಲ. ಅವುಗಳ ಬೆನ್ನಿಗೆ ಬಂದು ಅರ್ಥವನ್ನೇ ತಿರುಗಿಸುವ ಕಿರುಪದಗಳು. ಅವುಗಳಲ್ಲಿ ‘ಅಪ್’ ಪ್ರಮುಖವಾದುದು. ಇದರ ಅರ್ಥಗಳು ಯಾವ ಕ್ರಮದಲ್ಲಿ ಬೆಳೆದಿವೆ, ಅವುಗಳಿಗೆ ಕನ್ನಡದಲ್ಲಿ ಎಂಥ ಸಾಧನಗಳಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮೂಲ ಮತ್ತು ವ್ಯಾಕರಣ ಸ್ವರೂಪ

‘ಅಪ್’ ಹಳೆಯ ಇಂಗ್ಲಿಷಿನಿಂದಲೇ ಬಂದ ದೇಶ್ಯ ಪದ. ಜರ್ಮನ್ ಭಾಷೆಯ ‘ಔಫ್’ ಇದರ ಜ್ಞಾತಿ ಪದ. ಇಂಡೋ-ಯುರೋಪಿಯನ್ ಮೂಲದಲ್ಲಿ ಸಂಸ್ಕೃತದ ‘ಉಪ’, ‘ಉಪರಿ’ಗಳೂ ಇದಕ್ಕೆ ಸಂಬಂಧಿಸಿದವು. ‘ಉಪಾಧ್ಯಕ್ಷ’ದಲ್ಲಿ ಕೆಳಗಿನ ಸ್ಥಾನವನ್ನೂ ‘ಉಪರಿ’ಯಲ್ಲಿ ಮೇಲಿನ ಸ್ಥಾನವನ್ನೂ ಕಾಣುವ ಕನ್ನಡಿಗರಿಗೆ, ಒಂದೇ ಮೂಲದಿಂದ ಭಿನ್ನ ದಿಕ್ಕಿನ ಅರ್ಥಗಳು ಹೊರಡುವುದು ವಿಚಿತ್ರವೆನಿಸದು.

ವ್ಯಾಕರಣದ ದೃಷ್ಟಿಯಿಂದ ಈ ಪದ ಯಾವ ಒಂದು ವರ್ಗಕ್ಕೂ ಕಟ್ಟುಬಿದ್ದಿಲ್ಲ. ‘ಗೆಟ್ ಅಪ್’ ಎಂಬಲ್ಲಿ ಅದು ಕ್ರಿಯಾವಿಶೇಷಣ. ‘ಅಪ್ ದ ಹಿಲ್’ ಎಂಬಲ್ಲಿ ನಾಮಪದದ ಹಿಂದೆ ಬರುವ ಸಂಬಂಧಸೂಚಕ. ‘ಅಪ್ ಟ್ರೈನ್’ ಎಂಬಲ್ಲಿ ವಿಶೇಷಣ. ‘ಅಪ್ಸ್ ಅಂಡ್ ಡೌನ್ಸ್’ ಎಂಬಲ್ಲಿ ನಾಮಪದ. ಬೆಲೆ ಏರಿಸುವುದನ್ನು ಹೇಳುವಾಗ ಸ್ವತಃ ಕ್ರಿಯಾಪದ.

3. ಅರ್ಥಗಳ ವಿಂಗಡಣೆ

‘ಅಪ್’ನ ಪ್ರಯೋಗಗಳನ್ನು ಸ್ಥೂಲವಾಗಿ ನಾಲ್ಕು ಗುಂಪುಗಳಲ್ಲಿ ಇಡಬಹುದು.

ಅ) ದಿಕ್ಕು: ‘ಸ್ಟ್ಯಾಂಡ್ ಅಪ್’, ‘ಲಿಫ್ಟ್ ಅಪ್’ ಮುಂತಾದವು. ಇದು ಮೂಲಾರ್ಥ.

ಆ) ಪ್ರಮಾಣ ಮತ್ತು ಸ್ಥಾನಮಾನ: ‘ಸ್ಪೀಡ್ ಅಪ್’ ಎಂದರೆ ವೇಗ ಹೆಚ್ಚಿಸುವುದು. ಬ್ರಿಟನ್ನಿನ ರೈಲ್ವೆಯಲ್ಲಿ ಲಂಡನ್ನಿನ ಕಡೆಗೆ ಹೋಗುವ ಹಳಿ ನೆಲದ ಏರಿಳಿತ ಹೇಗೇ ಇರಲಿ, ಸಾಮಾನ್ಯವಾಗಿ ‘ಅಪ್’ ಎನಿಸಿಕೊಳ್ಳುತ್ತದೆ. ಇಲ್ಲಿ ಭೌತಿಕ ಎತ್ತರವು ಪ್ರಾಮುಖ್ಯದ ಎತ್ತರವಾಗಿದೆ. ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ಪ್ರಕಟಿಸಿದ ‘ಮೆಟಫರ್ಸ್ ವಿ ಲಿವ್ ಬೈ’ ಕೃತಿಯಲ್ಲಿ ಹೆಚ್ಚಳ, ಸಂತೋಷ, ಅಧಿಕಾರಗಳು ‘ಮೇಲೆ’ ಇರುವಂತೆ ಕಲ್ಪಿತವಾಗುವುದನ್ನು ದಿಕ್ಸೂಚಕ ರೂಪಕಗಳೆಂದು ವಿವರಿಸಿದ್ದಾರೆ.

ಇ) ಸಮೀಪಿಸುವಿಕೆ ಮತ್ತು ಮಿತಿ: ‘ಕ್ಯಾಚ್ ಅಪ್’ ಎಂದರೆ ಮುಂದಿನವರನ್ನು ಹೋಗಿ ಸೇರಿಕೊಳ್ಳುವುದು, ‘ಅಪ್ ಟು’ ಎಂದರೆ ‘ವರೆಗೆ’.

ಈ) ಪೂರ್ಣತೆ: ‘ಈಟ್ ಅಪ್’, ‘ಡ್ರೈ ಅಪ್’, ‘ಟೇರ್ ಅಪ್’, ‘ಯೂಸ್ ಅಪ್’. ಇಲ್ಲಿ ಮೇಲ್ಮುಖ ಚಲನೆ ಕಾಣುವುದಿಲ್ಲ. ಕ್ರಿಯೆ ಕೊನೆಮುಟ್ಟಿತೆಂಬುದೇ ಅರ್ಥ.

ನಾಲ್ಕನೆಯ ಗುಂಪಿನಲ್ಲಿ ‘ಅಪ್’ಗೆ ಅರ್ಥವೇ ಇಲ್ಲ, ಅದು ಕೇವಲ ಒತ್ತು ಎಂಬ ಅಭಿಪ್ರಾಯವಿತ್ತು. ಸೂ ಲಿಂಡ್ನರ್ ಅವರು ‘ಅಪ್’ ಮತ್ತು ‘ಔಟ್’ ಪದಗಳನ್ನು ಕುರಿತ 1981ರ ಸಂಶೋಧನ ಪ್ರಬಂಧದಲ್ಲಿ ಇಂಥ ಪದಗಳೂ ಅರ್ಥಕ್ಕೆ ತಮ್ಮ ಪಾಲನ್ನು ಸೇರಿಸುತ್ತವೆಂದು ತೋರಿಸಿದರು. ಪಾತ್ರೆ ತುಂಬುವಾಗ ನೀರಿನ ಮಟ್ಟ ಏರಿ ಅಂಚನ್ನು ಮುಟ್ಟುತ್ತದೆ. ಅಲ್ಲಿಗೆ ಕ್ರಿಯೆಯೂ ಮುಗಿಯುತ್ತದೆ. ಏರಿಕೆ, ಮಿತಿ, ಪೂರ್ಣತೆ ಎಂಬ ಅರ್ಥಗಳ ನಡುವಿನ ಕೊಂಡಿಯನ್ನು ‘ಫಿಲ್ ಅಪ್’ ಎಂಬ ಈ ಒಂದೇ ಪ್ರಯೋಗದಲ್ಲಿ ಗುರುತಿಸಬಹುದು.

ಆದರೂ ಅರ್ಥವನ್ನು ಪ್ರತಿ ಬಾರಿಯೂ ಊಹಿಸಲಾಗದು. ‘ಸ್ಲೋ ಅಪ್’, ‘ಸ್ಲೋ ಡೌನ್’ ಎರಡೂ ನಿಧಾನವಾಗುವುದನ್ನೇ ಹೇಳುತ್ತವೆ. ‘ವೈಂಡ್ ಅಪ್’ ಎಂದರೆ ಗಡಿಯಾರಕ್ಕೆ ಕೀಲಿ ಕೊಟ್ಟು ನಡೆಸುವುದೂ ಹೌದು, ಕಂಪನಿಯನ್ನು ಮುಚ್ಚುವುದೂ ಹೌದು.

4. ಕನ್ನಡದ ಸಾಧನಗಳು

ಶಾಲೆಯಲ್ಲಿ ‘ಅಪ್ ಎಂದರೆ ಮೇಲೆ’ ಎಂದು ಕಲಿತ ವಿದ್ಯಾರ್ಥಿಗೆ ‘ನದಿ ಡ್ರೈಡ್ ಅಪ್’ ಎಂಬ ವಾಕ್ಯ ತೊಡಕಾಗುತ್ತದೆ. ಈ ಸಮೀಕರಣ ಮೊದಲ ಗುಂಪಿಗೂ ಪೂರ್ತಿ ಒಗ್ಗುವುದಿಲ್ಲ. ಏರು, ಹತ್ತು, ಎತ್ತು, ಏಳು, ಉಬ್ಬು ಮೊದಲಾದ ಕನ್ನಡ ಧಾತುಗಳಲ್ಲಿ ದಿಕ್ಕು ಅಂತರ್ಗತವಾಗಿದೆ. ಚಲನೆಯ ದಾರಿಯನ್ನು ಕ್ರಿಯಾಪದದೊಳಗೆ ಅಡಗಿಸುವ ಭಾಷೆಗಳನ್ನೂ ಹೊರಗಿನ ಪದದಿಂದ ಸೂಚಿಸುವ ಭಾಷೆಗಳನ್ನೂ ಲೆನಾರ್ಡ್ ಟಾಲ್ಮಿ ಬೇರ್ಪಡಿಸಿದ್ದಾರೆ. ಇಂಗ್ಲಿಷ್ ಎರಡನೆಯ ಬಗೆಯದು. ‘ರನ್ ಅಪ್ ದ ಹಿಲ್’ ಎಂಬುದರಲ್ಲಿ ಓಟ ಕ್ರಿಯಾಪದ, ಏರಿಕೆ ಕಿರುಪದ. ಕನ್ನಡದಲ್ಲಿ ‘ಓಡುತ್ತಾ ಗುಡ್ಡ ಹತ್ತಿದ’ ಎನ್ನುವಾಗ ಏರಿಕೆಯೇ ಪ್ರಧಾನ ಕ್ರಿಯೆಯಾಗಿ, ಓಟ ಕೃದಂತಾವ್ಯಯವಾಗುತ್ತದೆ.

ಪೂರ್ಣತೆಯ ಗುಂಪಿಗೆ ಕನ್ನಡದಲ್ಲಿರುವ ಉತ್ತರ ಇನ್ನೂ ಸ್ವಾರಸ್ಯಕರವಾದುದು. ಕೃದಂತಾವ್ಯಯದ ಮುಂದೆ ಬರುವ ಬಿಡು, ಹಾಕು, ಹೋಗು, ಇಡು ಮೊದಲಾದ ಸಹಾಯಕ ಧಾತುಗಳು ತಮ್ಮ ಮೂಲಾರ್ಥವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟು, ‘ಅಪ್’ ಮಾಡುವ ಕೆಲಸವನ್ನೇ ಮಾಡುತ್ತವೆ. ‘ಡ್ರಿಂಕ್ ಅಪ್’ಗೆ ಕುಡಿದುಬಿಡು, ‘ಟೇರ್ ಅಪ್’ಗೆ ಹರಿದುಹಾಕು, ‘ಡ್ರೈ ಅಪ್’ಗೆ ಒಣಗಿಹೋಗು, ‘ಸೇವ್ ಅಪ್’ಗೆ ಕೂಡಿಡು, ‘ಲಾಕ್ ಅಪ್’ಗೆ ಕೂಡಿಹಾಕು ಎಂಬ ರೂಪಗಳು ಸಹಜವಾಗಿ ಒದಗುತ್ತವೆ. ಕೊನೆಯ ಎರಡರಲ್ಲಿ ‘ಕೂಡು’ ಧಾತು ಒಂದೇ. ಇಡು, ಹಾಕುಗಳ ಆಯ್ಕೆಯಿಂದಲೇ ಒಂದೆಡೆ ಸಂಗ್ರಹ, ಇನ್ನೊಂದೆಡೆ ಬಂಧನ ಎಂಬ ವ್ಯತ್ಯಾಸ ಉಂಟಾಗಿದೆ.

ಆದರೆ ಇವು ಒಂದಕ್ಕೊಂದು ಸರಿಸಮವಲ್ಲ. ‘ಹೇಳಿಬಿಟ್ಟ’ ಎಂಬಲ್ಲಿ ಕ್ರಿಯೆ ಮುಗಿದುದರ ಜೊತೆಗೆ, ಹಾಗಾಗಬಾರದಿತ್ತೆಂಬ ಅಥವಾ ಅಂತೂ ಆಯಿತೆಂಬ ಮಾತುಗಾರನ ಭಾವವೂ ಸೇರಬಹುದು. ‘ಹರಿದುಹಾಕಿದ’ ಎಂಬಲ್ಲಿ ವಸ್ತುವಿನ ಬಗೆಗಿನ ಅನಾದರ ಸೂಚಿತವಾಗಬಹುದು. ‘ಒಣಗಿಹೋಯಿತು’ ಎಂಬುದರಲ್ಲಿ ನಷ್ಟದ ಧ್ವನಿಯಿದೆ. ‘ಅಪ್’ ಕ್ರಿಯೆಯ ಮಿತಿಯನ್ನು ಗುರುತಿಸಿದರೆ, ಕನ್ನಡದ ಈ ಧಾತುಗಳು ಮಿತಿಯ ಜೊತೆಗೆ ಮನೋಧರ್ಮವನ್ನೂ ಗುರುತಿಸುತ್ತವೆ. ಆದುದರಿಂದ ಅನುವಾದಕನು ಮೂಲದಲ್ಲಿಲ್ಲದ ಭಾವವೊಂದನ್ನು ಆಯ್ದುಕೊಳ್ಳಬೇಕಾದ ಸಂದರ್ಭ ಒದಗುತ್ತದೆ.

ಇತ್ತ ಕನ್ನಡದ ‘ಮೇಲೆ’ಯ ಬೆಳವಣಿಗೆಯ ದಾರಿ ಬೇರೆ. ‘ಊಟವಾದ ಮೇಲೆ’ ಎಂಬಲ್ಲಿ ಅದು ಅನಂತರದ ಕಾಲ. ‘ಸಾಲದ ಮೇಲೆ ಸಾಲ’ ಎಂಬಲ್ಲಿ ಪುನರಾವೃತ್ತಿ. ‘ಅವನ ಮೇಲೆ ಸಿಟ್ಟು’ ಎಂಬಲ್ಲಿ ಭಾವದ ಗುರಿ. ಈ ಅರ್ಥಗಳಲ್ಲಿ ‘ಅಪ್’ ಬಳಕೆಯಾಗುವುದಿಲ್ಲ. ಎರಡು ಪದಗಳೂ ಸಂಧಿಸುವುದು ಎತ್ತರದಲ್ಲಿ ಮಾತ್ರ. ಅಲ್ಲಿಂದ ಮುಂದಕ್ಕೆ ಅವು ಕವಲೊಡೆಯುತ್ತವೆ.

5. ಎರವಲಿನ ರೂಪಗಳು

ಕನ್ನಡ ‘ಅಪ್’ ಅನ್ನು ಬಿಡಿಯಾಗಿ ಪಡೆದುದಕ್ಕಿಂತ ಇಡಿಯಾದ ಪದದ ಭಾಗವಾಗಿ ಪಡೆದುದೇ ಹೆಚ್ಚು: ಲಾಕಪ್, ಮೇಕಪ್, ಚೆಕಪ್, ಸೆಟಪ್, ಬ್ಯಾಕಪ್. ಇಂಗ್ಲಿಷ್ ಕ್ರಿಯಾಪದವಾಗಿದ್ದಾಗ ‘ಲಾಕ್’ ಮತ್ತು ‘ಅಪ್’ಗಳ ನಡುವೆ ಕರ್ಮಪದ ಬರಬಹುದು, ಕನ್ನಡದಲ್ಲಿ ‘ಲಾಕಪ್’ ಅಖಂಡ ನಾಮಪದ. ಅದಕ್ಕೆ ವಿಭಕ್ತಿ ಪ್ರತ್ಯಯ ಹತ್ತಿ ‘ಲಾಕಪ್ಪಿಗೆ’ ಎಂದಾಗುತ್ತದೆ. ಮೇಕಪ್ ಎಂಬುದಕ್ಕೆ ಮಾಡು, ಹಾಕು ಧಾತುಗಳ ಆಸರೆ ಬೇಕು. ‘ಮೇಕಪ್ ಹಾಕಿಕೊಂಡಳು’ ಎಂಬಲ್ಲಿ ಆತ್ಮಾರ್ಥದ ‘ಕೊಳ್ಳು’ ಸೇರಿ ಎರವಲು ಪದ ಕನ್ನಡದ ವಾಕ್ಯರಚನೆಗೆ ಒಳಪಟ್ಟಿದೆ.

6. ಸಮಾರೋಪ

ಮೇಲಿನ ಪರಿಶೀಲನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ‘ಅಪ್’ನಂಥ ಪದಕ್ಕೆ ಕನ್ನಡ ಪದವೊಂದನ್ನು ಸಮಾನವೆಂದು ಕೊಡುವ ಕ್ರಮ ಸಾಲದು, ಅರ್ಥಗಳ ಗುಂಪಿಗೆ ಅನುಗುಣವಾಗಿ ಒಮ್ಮೆ ಧಾತು, ಒಮ್ಮೆ ಅವ್ಯಯ, ಒಮ್ಮೆ ಸಹಾಯಕ ಧಾತು ಎಂದು ರಚನೆಯನ್ನೇ ಸೂಚಿಸಬೇಕು. ಎರಡನೆಯದಾಗಿ, ಇಂಗ್ಲಿಷಿನ ಕಿರುಪದವನ್ನು ಅರ್ಥೈಸಲು ಹೊರಟ ವಿದ್ಯಾರ್ಥಿ ಕೊನೆಗೆ ಬಂದು ನಿಲ್ಲುವುದು ಕನ್ನಡದ ಬಿಡು, ಹಾಕು, ಹೋಗುಗಳ ಮುಂದೆ. ದಿನನಿತ್ಯ ಆಡುವ ಈ ಧಾತುಗಳ ಅರ್ಥಛಾಯೆಗಳು ತರಗತಿಯಲ್ಲಿ ಚರ್ಚೆಗೆ ಬಂದರೆ ಅನುವಾದದ ಪಾಠವೇ ಕನ್ನಡ ವ್ಯಾಕರಣದ ಪಾಠವೂ ಆಗಬಲ್ಲದು.