ಗಿಂಪ್ 3.0: ತಿದ್ದಿದ್ದನ್ನು ಮತ್ತೆ ತಿದ್ದಬಹುದು

ಫೋಟೊ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂತು. 2.10 ಬಂದದ್ದು 2018ರಲ್ಲಿ. ಏಳು ವರ್ಷ ಕಾದದ್ದಕ್ಕೆ ಫಲವಿದೆ.

ಮೊದಲು ಬ್ಲರ್ ಹಾಕಿದರೂ ಬಣ್ಣ ಬದಲಿಸಿದರೂ ಅದು ಚಿತ್ರದೊಳಗೇ ಬೆರೆತುಹೋಗುತ್ತಿತ್ತು. ಫೈಲ್ ಮುಚ್ಚಿದ ಮೇಲೆ ಅನ್‌ಡೂ ಸಿಗುತ್ತಿರಲಿಲ್ಲ. ಈಗ ಫಿಲ್ಟರ್ ಲೇಯರ್‌ನ ಮೇಲೆ ಬೇರೆಯಾಗಿಯೇ ಕೂರುತ್ತದೆ. ಲೇಯರ್ ಪಕ್ಕದ ‘ಎಫ್‌ಎಕ್ಸ್’ ಗುರುತು ಒತ್ತಿ ಅದನ್ನು ಹೆಚ್ಚು ಕಡಿಮೆ ಮಾಡಬಹುದು, ತೆಗೆದೇ ಹಾಕಬಹುದು, ವಾರ ಕಳೆದ ಮೇಲೂ. ತಾತನ ಒಂದೇ ಒಂದು ಹಳೆಯ ಫೋಟೊ ಸ್ಕ್ಯಾನ್ ಮಾಡಿ ತಿದ್ದುವವರಿಗೆ ಇದು ಸಣ್ಣ ಮಾತಲ್ಲ. ಆದರೆ ‘ಮರ್ಜ್ ಫಿಲ್ಟರ್’ಗೆ ಟಿಕ್ ಹಾಕಬೇಡಿ, ಫೈಲನ್ನು ಎಕ್ಸ್‌ಸಿಎಫ್ ಆಗಿಯೇ ಸೇವ್ ಮಾಡಿ. ಜೆಪಿಜಿ ಮಾತ್ರ ಇಟ್ಟುಕೊಂಡರೆ ಎಲ್ಲವೂ ಮತ್ತೆ ಬೆರೆತಂತೆಯೇ.

ಫೋಟೋಶಾಪ್‌ನಲ್ಲಿ ಇಂಥ ಸೌಲಭ್ಯ ಇದಕ್ಕೂ ಮೊದಲೇ ಇತ್ತು, ನಿಜ. ಅದಕ್ಕೆ ಚಂದಾ ಕಟ್ಟಬೇಕು. ಕದ್ದ ಪ್ರತಿ ಹಾಕಿಕೊಳ್ಳುವುದಕ್ಕಿಂತ ಇದೇ ವಾಸಿ.

ಪೋಸ್ಟರ್ ಮಾಡುವವರಿಗೆ ಇನ್ನೊಂದು ಅನುಕೂಲ: ಅಕ್ಷರಗಳಿಗೆ ಬಣ್ಣದ ಅಂಚು ಕೊಟ್ಟ ನಂತರವೂ ಕಾಗುಣಿತ ತಿದ್ದಬಹುದು. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಕನ್ನಡದ ಯೂನಿಕೋಡ್ ಫಾಂಟ್ ಆರಿಸಿ. ‘ಗುಬ್ಬಿ’ಯ ಒತ್ತು ತನ್ನ ಜಾಗದಲ್ಲೇ ಕೂರುತ್ತದೆ.