ಸಹೋದರರ ವ್ಯಾಜ್ಯವೂ ಸಭೆಯ ಹಿರಿಯರೂ

ಓದತಕ್ಕ ವೇದಭಾಗಗಳು: ಲೂಕ 12:13–15, ವಿಮೋಚನಕಾಂಡ 18:13–26, ಮತ್ತಾಯ 18:15–17, 2 ಸಮುವೇಲ 13.



ಬಿಡದಿಯ ಹತ್ತಿರವಿರುವ ಬೈರಮಂಗಲದ ಸೀಮೆಯಲ್ಲಿ ಹೊಲದ ಬದುವಿಗಾಗಿಯೂ ಕಾಲುವೆಯ ನೀರಿಗಾಗಿಯೂ ಜಗಳಗಳು ಹೊಸವಲ್ಲ. ಆದರೆ 2025ರಲ್ಲಿ ಬಿಡದಿಯ ಉಪನಗರಕ್ಕಾಗಿ ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಪಂಚಾಯತಿಗಳ ಊರುಗಳ ಭೂಮಿಯನ್ನು ತೆಗೆದುಕೊಳ್ಳುವದಕ್ಕೆ ಸರಕಾರವು ಪ್ರಾಥಮಿಕ ಅಧಿಸೂಚನೆಯನ್ನು ಹೊರಡಿಸಿತು; ರೈತರಲ್ಲಿ ಅನೇಕರು ಅದನ್ನು ವಿರೋಧಿಸಿದರು. ಆ ವಾದದ ಸರಿತಪ್ಪುಗಳನ್ನು ಈ ಪಾಠದಲ್ಲಿ ವಿಚಾರಿಸುವದಿಲ್ಲ. ಭೂಮಿಯ ಬೆಲೆ ಏರಿದಾಗ ಮನೆಯೊಳಗೆ ಏನಾಗುವದೆಂಬದನ್ನು ಮಾತ್ರ ನೋಡೋಣ. ಒಂದೇ ಒಲೆಯ ಮುದ್ದೆಯನ್ನು ಉಂಡು ಬೆಳೆದ ಅಣ್ಣತಮ್ಮಂದಿರು ಪಹಣಿಯ ಪ್ರತಿಯನ್ನು ಕೈಯಲ್ಲಿ ಹಿಡಿದು ಬೇರೆ ಬೇರೆ ವಕೀಲರ ಬಾಗಲಿಗೆ ಹೋಗುವರು. ಗಂಡನ ಮನೆಯಲ್ಲಿರುವ ತಂಗಿಗೆ ಯಾರೂ ಹೇಳಿಕಳುಹಿಸುವದಿಲ್ಲ. ಆಗ ಸಭೆಯ ಹಿರಿಯರನ್ನು ಕರೆದು, ನೀವೇ ತೀರ್ಪು ಹೇಳಿರಿ ಅನ್ನುವರು. ಹಿರಿಯರು ಏನು ಮಾಡತಕ್ಕದ್ದು?

ಇಂಥದೇ ಸಂಗತಿಯು ನಮ್ಮ ಕರ್ತನ ಮುಂದೆಯೂ ಬಂತು. ಜನರ ಗುಂಪಿನಿಂದ ಒಬ್ಬನು ಎದ್ದು, ತನ್ನ ಅಣ್ಣನು ಪಿತ್ರಾರ್ಜಿತವನ್ನು ಪಾಲುಮಾಡಿಕೊಡುವಂತೆ ಹೇಳಬೇಕೆಂದು ಕೇಳಿಕೊಂಡನು. ಕರ್ತನು ಒಪ್ಪಲಿಲ್ಲ, ತನ್ನನ್ನು ಅವರಿಗೆ ನ್ಯಾಯಾಧಿಪತಿಯನ್ನಾಗಿ ನೇಮಿಸಿದವರು ಯಾರೆಂದು ತಿರುಗಿ ಕೇಳಿದನು. ಲೋಕದ ವ್ಯವಹಾರದಲ್ಲಿ ಸಭೆಯು ಕೈಹಾಕಲೇ ಬಾರದೆಂದು ಇದರಿಂದ ಕೆಲವರು ಬೋಧಿಸುತ್ತಾರೆ. ನನಗೆ ಹಾಗೆ ತೋರುವದಿಲ್ಲ. ಕೇಳಿಕೊಂಡವನು ಒಬ್ಬನೇ ಎಂಬದನ್ನು ಗಮನಿಸಿರಿ. ಮತ್ತೊಬ್ಬನು ಅಲ್ಲಿದ್ದನೋ ಇಲ್ಲವೋ ವೇದವು ತಿಳಿಸುವದಿಲ್ಲ; ಅವನು ಒಪ್ಪಿದನೆಂದಂತೂ ಬರೆದಿಲ್ಲ. ಒಂದು ಪಕ್ಷದವನು ಕರೆದ ಮಾತ್ರಕ್ಕೆ ಹೋಗಿ ಕುಳಿತವನು ಮಧ್ಯಸ್ಥನಲ್ಲ, ಅವನ ಆಳು. ನಾನೇ ಒಂದು ಸಾರಿ, ಮಾತು ನಡೆಯುವ ದಿವಸ ಬೆಳಿಗ್ಗೆ ಅಣ್ಣನ ಮನೆಯಲ್ಲಿ ಊಟಮಾಡಿದೆನು. ಸಾಯಂಕಾಲ ತಮ್ಮನು ಬರಲೇ ಇಲ್ಲ. ತಪ್ಪು ಅವನದಾಗಿರಲಿಲ್ಲ.

ದೇಶದ ಕಾನೂನು ಸಹ ಇದನ್ನೇ ಮೊದಲು ಕೇಳುತ್ತದೆ. 2023ರ ಮಧ್ಯಸ್ಥಿಕೆ ಕಾಯಿದೆಯಲ್ಲಿ ಸಮುದಾಯ ಮಧ್ಯಸ್ಥಿಕೆಯೆಂಬ ಒಂದು ಅಧ್ಯಾಯವಿದೆ (43 ಮತ್ತು 44ನೆಯ ಕಲಮುಗಳು). ಊರಿನ ಇಲ್ಲವೆ ಕುಟುಂಬಗಳ ಸಮಾಧಾನವನ್ನು ಕೆಡಿಸುವಂಥ ವ್ಯಾಜ್ಯವನ್ನು, ಎರಡು ಪಕ್ಷದವರೂ ಮುಂಚಿತವಾಗಿ ಒಪ್ಪಿದರೆ, ಮೂವರು ಮಧ್ಯಸ್ಥರ ಮುಂದೆ ಇಡಬಹುದೆಂದು ಅದು ಹೇಳುತ್ತದೆ. ಆ ಮೂವರು ಊರಿನಲ್ಲಿ ಮಾನ್ಯರೂ ಪ್ರಾಮಾಣಿಕರೂ ಆಗಿರಬೇಕು. ಇತ್ರೋನು ತನ್ನ ಅಳಿಯನಾದ ಮೋಶೆಗೆ ಸಮರ್ಥರೂ ಲಂಚವನ್ನು ಹೇಸುವವರೂ ಆದವರನ್ನು ಆರಿಸಿಕೊಳ್ಳೆಂದು ಹೇಳಿದ ಬುದ್ಧಿಮಾತು ಇದಕ್ಕಿಂತ ಬಹಳ ಹಳೆಯದು. ಆದರೂ ಇಂಥ ರಾಜಿಯನ್ನು ಕೋರ್ಟಿನ ಡಿಕ್ರಿಯಂತೆ ಜಾರಿಮಾಡಿಸಲಿಕ್ಕಾಗದೆಂದು ಅದೇ ಕಾಯಿದೆಯು ಹೇಳುತ್ತದೆ. 2023ರ ಅಕ್ಟೋಬರ್ 9ರಂದು ಕಾಯಿದೆಯ ಕೆಲವು ಕಲಮುಗಳನ್ನು ಜಾರಿಗೆ ತಂದಾಗ ಈ ಅಧ್ಯಾಯವು ಅವುಗಳಲ್ಲಿ ಸೇರಿರಲಿಲ್ಲವೆಂಬದನ್ನೂ ತಿಳಿದಿರತಕ್ಕದ್ದು.

ಆದದರಿಂದ ಕಟ್ಟೆಯ ಮೇಲೆ ಒಪ್ಪಿದ ಮಾತನ್ನು ಲೋಕ ಅದಾಲತ್ತಿಗೆ ತೆಗೆದುಕೊಂಡು ಹೋಗುವದು ಬುದ್ಧಿವಂತಿಕೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಅಲ್ಲಿ ಬರೆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವುಂಟು. ಅದರ ಮೇಲೆ ಅಪೀಲು ಇಲ್ಲ. ದಾವೆಗೆ ಕಟ್ಟಿದ್ದ ಶುಲ್ಕವೂ ಹಿಂದಕ್ಕೆ ಬರುವದು. ದಾವೆ ಹೂಡದ ವ್ಯಾಜ್ಯವನ್ನು ಸಹ ಅಲ್ಲಿ ತೀರಿಸಿಕೊಳ್ಳಬಹುದು. ರಾಮನಗರದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೂ ದಾರಿ ತೋರಿಸುವರು. ಪಾಲುಪಾರಿಕತ್ತನ್ನು ಬರೆಯುವದಾದರೆ ಛಾಪಾಕಾಗದವೂ ರಿಜಿಸ್ಟ್ರಿಯೂ ಬೇಕು. ಬರೀ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿ ಪೆಟ್ಟಿಗೆಯಲ್ಲಿಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಎರಡನೆಯ ಜಗಳವನ್ನು ಬಿತ್ತಿದಂತಾಯಿತು.

ಬೇರೆ ಜನರು ಈ ಕೆಲಸವನ್ನು ಶ್ರದ್ಧೆಯಿಂದ ನಡಿಸುತ್ತಾರೆಂಬದನ್ನು ನಾವು ಮರೆಯಬಾರದು. ಚಿತ್ರದುರ್ಗ ಸೀಮೆಯ ಸಿರಿಗೆರೆಯ ತರಳಬಾಳು ಮಠದಲ್ಲಿ ಸದ್ಧರ್ಮ ನ್ಯಾಯಪೀಠವೆಂದು ಸೋಮವಾರಗಳಲ್ಲಿ ವ್ಯಾಜ್ಯಗಳನ್ನು ಕೇಳುವ ಪದ್ಧತಿಯುಂಟು. ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆದವರೂ ಅಲ್ಲಿಗೆ ಹೋಗುತ್ತಾರೆ. ನಾವೋ ಮತ್ತಾಯ 18ನ್ನು ಬಾಯಿಪಾಠ ಮಾಡಿದ್ದೇವೆ. ಆದರೆ ಅದರ ಮೊದಲನೆಯ ಮೆಟ್ಟಲನ್ನು, ಅಂದರೆ ತಪ್ಪುಮಾಡಿದವನೊಬ್ಬನನ್ನೇ ಕಂಡು ಮಾತಾಡುವದನ್ನು, ಬಿಟ್ಟು ನೇರವಾಗಿ ಊರಿಗೆಲ್ಲಾ ಸಾರುತ್ತೇವೆ.

ತಂಗಿಯ ವಿಷಯಕ್ಕೆ ಬರೋಣ. ಉಯಿಲು ಬರೆಯದೆ ತೀರಿಹೋದ ಕ್ರೈಸ್ತನ ಸ್ವಂತ ಆಸ್ತಿಯಲ್ಲಿ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ, ಮಕ್ಕಳಿದ್ದರೆ ವಿಧವೆಗೆ ಮೂರರಲ್ಲಿ ಒಂದು ಪಾಲು; ಉಳಿದದ್ದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಸಮ. ಹಿಂದೂ ಅವಿಭಕ್ತ ಕುಟುಂಬದಲ್ಲಿಯೂ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಹಕ್ಕುಂಟು. ಮದುವೆಯ ಖರ್ಚಿನಲ್ಲಿ ಅವಳ ಪಾಲು ಮುಗಿಯಿತು ಎಂಬದು ಕಾನೂನಿನ ಮಾತಲ್ಲ. ಅವಳಾಗಿ ಬಿಟ್ಟುಕೊಟ್ಟರೆ ಅದು ಅವಳ ಇಷ್ಟ. ಆದರೆ ಅಣ್ಣಂದಿರ ನಡುವೆ ಅವಳನ್ನು ಕೂಡಿಸಿ, ಕಣ್ಣೀರು ಬರುವ ತನಕ ಒತ್ತಾಯಿಸಿ ಪಡೆದ ಸಹಿಯನ್ನು ರಾಜಿ ಅನ್ನಲಾಗದು. ಅವಳನ್ನು ಬೇರೆಯಾಗಿ, ಒಬ್ಬ ಹಿರಿಯ ಹೆಂಗಸಿನ ಮುಂದೆ ವಿಚಾರಿಸತಕ್ಕದ್ದು. ಚಲ್ಪಹಾದನ ಹೆಣ್ಣುಮಕ್ಕಳು ಸಮೂಹದ ಎದುರಿನಲ್ಲಿ ನಿಂತು ಪಾಲು ಕೇಳಿದಾಗ ಮೋಶೆಯು ಅವರನ್ನು ಗದರಿಸಲಿಲ್ಲ (ಅರಣ್ಯಕಾಂಡ 27).

ಇನ್ನು ಅಪರಾಧಗಳು. ಬೈಗಳು, ಸಣ್ಣ ಹೊಡೆದಾಟ, ಹೊಲದೊಳಗೆ ಅತಿಕ್ರಮವಾಗಿ ನುಗ್ಗಿದ್ದು, ಇಂಥವುಗಳಲ್ಲಿ ನೊಂದವನು ರಾಜಿಯಾಗಬಹುದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೆಯ ಕಲಮು ಹೇಳುತ್ತದೆ. ಬೇರೆ ಕೆಲವಕ್ಕೆ ಕೋರ್ಟಿನ ಅನುಮತಿ ಬೇಕು. ಕೊಲೆ, ಅತ್ಯಾಚಾರ, ಮಕ್ಕಳ ಮೇಲಿನ ದುಷ್ಕೃತ್ಯ, ಇವುಗಳಿಗೆ ಯಾವ ಕಟ್ಟೆಯಲ್ಲಿಯೂ ರಾಜಿಯಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದನ್ನು ತಿಳಿದವರು ಪೊಲೀಸರಿಗೆ ತಿಳಿಸದಿದ್ದರೆ 2012ರ ಕಾಯಿದೆಯಂತೆ ಅವರೇ ದಂಡನೆಗೆ ಒಳಗಾಗುವರು. ಸಭೆಯ ಹಿರಿಯನಾದರೂ ಉಪದೇಶಿಯಾದರೂ ಸರಿಯೇ.

ಈ ಮಾತನ್ನು ಬರೆಯಲು ಕಾರಣವುಂಟು. ಸಭೆಯ ಹೆಸರು ಕೆಡಬಾರದೆಂದು 1 ಕೊರಿಂಥ 6ನ್ನು ತೋರಿಸಿ ನೊಂದ ಹೆಣ್ಣುಮಗಳನ್ನು ಸುಮ್ಮನಿರಿಸುವದು ನಡೆದಿದೆ. ಪೌಲನು ಅಲ್ಲಿ ಖಂಡಿಸಿದ್ದು ಲೋಕವ್ಯವಹಾರದಲ್ಲಿ ಒಬ್ಬರನ್ನೊಬ್ಬರು ವಂಚಿಸಿ ವ್ಯಾಜ್ಯಕ್ಕೆ ಹೋಗುವವರನ್ನು. ಪ್ರಾಣಕ್ಕೆ ಅಪಾಯ ಬಂದಾಗ ಅವನೇ ಕೈಸರನಿಗೆ ಮನವಿ ಮಾಡಿಕೊಂಡನು (ಅಪೊಸ್ತಲರ ಕೃತ್ಯಗಳು 25). ತಾಮಾರಳ ಕಥೆಯನ್ನು ಓದಿರಿ. ಅಮ್ನೋನನು ಅವಳನ್ನು ಕೆಡಿಸಿದನು. ಅಣ್ಣನಾದ ಅಬ್ಷಾಲೋಮನು ಅವಳಿಗೆ ಸುಮ್ಮನಿರೆಂದನು. ತಂದೆಯಾದ ದಾವೀದನು ಕೋಪಗೊಂಡನು, ಏನೂ ಮಾಡಲಿಲ್ಲ. ಎರಡು ವರುಷಗಳಾದ ಮೇಲೆ ಕುರಿಗಳ ಉಣ್ಣೆ ಕತ್ತರಿಸುವ ಹಬ್ಬದಲ್ಲಿ ಅಮ್ನೋನನ ಕೊಲೆಯಾಯಿತು. ತಾಮಾರಳು ಹಾಳುಬಿದ್ದವಳಾಗಿ ಅಣ್ಣನ ಮನೆಯಲ್ಲಿಯೇ ಉಳಿದಳು.

ಮುಂದಿನ ಹಿರಿಯರ ಕೂಟದಲ್ಲಿ ಇವುಗಳನ್ನು ವಿಚಾರಿಸಿರಿ: ನಮ್ಮ ಸಭೆಯಲ್ಲಿ ಎರಡು ಪಕ್ಷದವರೂ ನಂಬುವ ಮೂವರು ಯಾರು? ಅವರಲ್ಲಿ ಹೆಂಗಸು ಒಬ್ಬಳಾದರೂ ಇದ್ದಾಳೋ? ಈ ವರುಷ ನಾವು ಮಾಡಿಸಿದ ರಾಜಿಗಳಲ್ಲಿ, ಒಪ್ಪುವದಿಲ್ಲವೆಂದು ಹೇಳುವ ಧೈರ್ಯವು ಬಡವನಾದ ಪಕ್ಷದವನಿಗೆ ಇತ್ತೋ?